ಫ್ಯಾನ್ ಕಂಪನಿ ನಮ್ಮೂರಿನ ಆರೋಗ್ಯಕ್ಕೆ ದುಡ್ಡು ಕೊಡುತ್ತಾ?

ಪ್ರಶ್ನೆ: ನಮ್ಮದು ಮುಂಡರಗಿ ತಾಲೂಕು, ಕಪ್ಪತಗುಡ್ಡದ ಸೆರಗಿನಲ್ಲಿರುವ ಊರು. ಒಂದೂವರೆ ವರ್ಷದ ಹಿಂದೆ ಹತ್ತು ಜನ ಸೇರಿ ಟ್ರಸ್ಟ್ ಮಾಡಿಕೊಂಡಿದ್ದೇವೆ. ಊರಲ್ಲಿ ಬಿಪಿ, ಶುಗರ್ ಜಾಸ್ತಿ ಆಗುತ್ತಿದೆ. ಮೊಣಕಾಲು ನೋವು ಅನ್ನದ ಮನೆಯೇ ಇಲ್ಲ. ಊರ ಸುತ್ತ ಗಾಳಿ ವಿದ್ಯುತ್ತಿನ ಫ್ಯಾನುಗಳಿವೆ, ಆ ಕಂಪನಿ ಸಿಎಸ್‌ಆರ್ ದುಡ್ಡು, ಅಂದರೆ ಲಾಭದಲ್ಲಿ ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ ಪಾಲು, ಕೊಡಲೇಬೇಕು ಅಂತ ಕೇಳಿದ್ದೇವೆ. ನಾಲ್ಕು ಲಕ್ಷ ಸಿಕ್ಕರೆ ದೊಡ್ಡ ಆರೋಗ್ಯ ಶಿಬಿರ ಮಾಡುವ ಆಸೆ. ಒಬ್ಬರು 35 ಸಾವಿರ ಕೊಟ್ಟರೆ ಫಂಡ್ ತರಿಸಿಕೊಡುತ್ತೇನೆ ಅನ್ನುತ್ತಿದ್ದಾರೆ. ಕೊಡಬಹುದಾ? ಕಂಪನಿಗೆ ಹೇಗೆ ಕೇಳಬೇಕು?

ಉತ್ತರ: ಮೊದಲು ಆ 35 ಸಾವಿರದ ಮಾತು ಮುಗಿಸಿಬಿಡೋಣ. ಕೊಡಬೇಡಿ. ಒಂದು ರೂಪಾಯಿಯೂ ಬೇಡ. ಇಂಥವರು ನನಗೂ ಸಿಕ್ಕಿದ್ದಾರೆ. ಕೈಯಲ್ಲಿ ಯಾವುದೋ ಕಂಪನಿಯ ಹೆಸರಿರುವ ಪತ್ರ, ಅದರ ಮೇಲೊಂದು ದುಂಡನೆ ಸೀಲು. ಮೊದಲು ಫೈಲ್ ಚಾರ್ಜು, ಆಮೇಲೆ ಇನ್‌ಸ್ಪೆಕ್ಷನ್ ಚಾರ್ಜು, ಆಮೇಲೆ ಫೋನ್ ಸ್ವಿಚ್ ಆಫ್. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. "ನಿಮ್ಮ ಟ್ರಸ್ಟಿನ ಖಾತೆಗೆ 20 ಲಕ್ಷ ಬರತೈತಿ, 12 ಲಕ್ಷ ಕ್ಯಾಶ್ ವಾಪಸ್ ಕೊಡ್ರಿ, ಉಳಿದದ್ದು ನಿಮ್ದ" ಅನ್ನುವವರು. ಕೇಳಲು ಚೆನ್ನಾಗಿರುತ್ತೆ. ಆದರೆ 20 ಲಕ್ಷ ಖರ್ಚಾಗಿದೆ ಅಂತ ಸಹಿ ಹಾಕುವವರು ನೀವು, ನಾಳೆ ಲೆಕ್ಕ ಕೇಳಿದರೆ ಸಿಕ್ಕಿಬೀಳುವವರೂ ನೀವೇ. ನಿಜವಾದ ಸಿಎಸ್‌ಆರ್ ದುಡ್ಡಿಗೆ ಅರ್ಜಿ ಹಾಕಲು ಕಂಪನಿಗೆ ಏನೂ ಕಟ್ಟಬೇಕಾಗಿಲ್ಲ. ನಿಮ್ಮ ಸಿಎ ಫೀಸು ಬೇರೆ, ಅದು ನಿಮ್ಮ ಕಾಗದಪತ್ರಕ್ಕೆ.

ಈಗ "ಕೊಡಲೇಬೇಕು" ಅನ್ನುವ ಮಾತು. ಅರ್ಧ ನಿಜ. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ ಕಂಪನಿಯ ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ್ದರೂ ಸಾಕು, ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸ ಅನ್ನೋದಕ್ಕೆ ಕಾಯ್ದೆಯ ಏಳನೇ ಅನುಸೂಚಿ ಇದೆ. ಅದರ ಮೊದಲ ಸಾಲಿನಲ್ಲೇ ಹಸಿವು, ಅಪೌಷ್ಟಿಕತೆ, ಆರೋಗ್ಯ, ರೋಗ ಬರದಂತೆ ತಡೆಯುವುದು, ನೈರ್ಮಲ್ಯ, ಶುದ್ಧ ಕುಡಿಯುವ ನೀರು ಎಲ್ಲ ಬರುತ್ತೆ. ಹಾಗಾಗಿ ನಿಮ್ಮ ವಿಷಯ ಸರಿಯಾದ ಜಾಗದಲ್ಲೇ ಇದೆ. ಆದರೆ ಯಾರಿಗೆ ಕೊಡಬೇಕು ಅನ್ನೋದು ಕಂಪನಿಯ ಇಷ್ಟ. ಖರ್ಚು ಮಾಡಬೇಕಾದದ್ದು ಹೌದು, ನಿಮಗೇ ಕೊಡಬೇಕಾದದ್ದಲ್ಲ.

"ನಮ್ಮೂರ ಗುಡ್ಡದ ಮೇಲೆ ಫ್ಯಾನ್ ತಿರುಗುತ್ತೆ, ನಮಗೇ ಮೊದಲ ಹಕ್ಕು" ಅಂತ ಬಹಳ ಜನ ವಾದ ಮಾಡುತ್ತಾರೆ. ಕಂಪನಿ ಕೆಲಸ ಮಾಡುವ ಜಾಗಕ್ಕೆ ಆದ್ಯತೆ ಕೊಡಬೇಕು ಅಂತ ಕಾಯ್ದೆಯಲ್ಲಿ ಇದೆ, ನಿಜ. ಆದರೆ ಅದು ದಾರಿ ತೋರಿಸುವ ಮಾತು, ಕಡ್ಡಾಯ ಅಲ್ಲ ಅಂತ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಪತ್ರದಲ್ಲಿ ಹಕ್ಕಿನ ಭಾಷೆ ಬೇಡ. ಪಕ್ಕದೂರಿನವರು ಕೇಳುವ ಹಾಗೆ ಕೇಳಿ. ಅದರಲ್ಲಿ ಸಣ್ಣತನ ಏನಿಲ್ಲ.

ಇನ್ನೊಂದು ವಿಷಯ, ಇದರಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಆ ಫ್ಯಾನು ಯಾರದ್ದು? ಕಂಬದ ಮೇಲಿರುವ ದೊಡ್ಡ ಹೆಸರು ಹೆಚ್ಚಾಗಿ ಯಂತ್ರ ತಯಾರಿಸಿದವರದ್ದು. ಗೇಟಿನಲ್ಲಿ ಜೀಪು ಓಡಿಸುವವರು ನಿರ್ವಹಣೆಯ ಗುತ್ತಿಗೆದಾರರು. ಕರೆಂಟು ಮಾರಿ ಲಾಭ ಮಾಡುವ ಮಾಲೀಕ ಕಂಪನಿ ಮೂರನೆಯದೇ ಇರಬಹುದು. ಎಷ್ಟೋ ಸಲ ಒಂದೊಂದು ಗುಡ್ಡಕ್ಕೆ ಒಂದೊಂದು ಬೇರೆ ಕಂಪನಿ ಮಾಡಿಟ್ಟಿರುತ್ತಾರೆ. ಕಾಯ್ದೆ ಲೆಕ್ಕ ಹಾಕೋದು ಕಂಪನಿ ಕಂಪನಿಗೆ ಪ್ರತ್ಯೇಕವಾಗಿ. ನಿಮ್ಮ ಗುಡ್ಡದ ಕಂಪನಿ ಆ ಮೂರು ಗೆರೆಯಲ್ಲಿ ಒಂದನ್ನೂ ಮುಟ್ಟದಿದ್ದರೆ ಅದಕ್ಕೆ ಸಿಎಸ್‌ಆರ್ ಹೊಣೆಯೇ ಇಲ್ಲ. ಸೈಟಿನ ಸೂಪರ್‌ವೈಸರ್ ಹತ್ತಿರ ಮಾಲೀಕರ ಪೂರ್ತಿ ಹೆಸರು ಕೇಳಿ, ಆಮೇಲೆ ಆ ಹೆಸರನ್ನು ಕೇಂದ್ರದ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಹುಡುಕಿ. ಯಾವ ವರ್ಷ ಎಷ್ಟು ಖರ್ಚು, ಯಾವ ರಾಜ್ಯದಲ್ಲಿ, ಯಾವ ಕೆಲಸಕ್ಕೆ ಅಂತ ಅಲ್ಲಿ ಸಿಗುತ್ತೆ. ಮೂರು ವರ್ಷದಿಂದ ಬರೀ ಶಾಲೆಗೆ ಕೊಟ್ಟವರು ಈ ವರ್ಷ ಬಿಪಿಗೆ ಕೊಡೋದು ಕಷ್ಟ. ಅದನ್ನು ಮೊದಲೇ ತಿಳಿದುಕೊಂಡರೆ ಮುಂಡರಗಿಯಿಂದ ಬೆಂಗಳೂರಿಗೆ ಬಸ್ ಚಾರ್ಜು ಉಳಿಯುತ್ತೆ.

ನನ್ನನ್ನು ಕೇಳಿದರೆ, ದೊಡ್ಡ ಹೆಸರಿನ ಹಿಂದೆ ಓಡೋದಕ್ಕಿಂತ ಹುಬ್ಬಳ್ಳಿಯ ತಾರಿಹಾಳ, ಗೋಕುಲ ರಸ್ತೆ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಮಧ್ಯಮ ಕಂಪನಿಗಳನ್ನು ನೋಡಿ. ಸರಾಸರಿ 10 ಕೋಟಿ ಲಾಭ ಇರುವ ಕಂಪನಿ ವರ್ಷಕ್ಕೆ 20 ಲಕ್ಷ ಖರ್ಚು ಮಾಡಬೇಕು. ಈ ಮೊತ್ತ 50 ಲಕ್ಷ ದಾಟದಿದ್ದರೆ ಬೇರೆ ಸಿಎಸ್‌ಆರ್ ಸಮಿತಿಯೂ ಬೇಕಾಗಿಲ್ಲ, ನಿರ್ದೇಶಕ ಮಂಡಳಿಯೇ ತೀರ್ಮಾನ ಮಾಡಬಹುದು. ಮಂಡಳಿ ಅಂದರೆ ಎಷ್ಟೋ ಕಡೆ ಅಣ್ಣ, ತಮ್ಮ, ಒಬ್ಬ ಅಳಿಯ. ಚಹಾ ಕುಡಿಯುತ್ತಾ ಮಾತು ಮುಗಿಯುತ್ತೆ. ಅವರಿಗೆ ನಿಮ್ಮ ಊರಿನ ಹೆಸರೂ ಗೊತ್ತಿರುತ್ತೆ.

ಈಗ ನಿಮ್ಮ ಟ್ರಸ್ಟಿನ ವಿಷಯ. ಸ್ವಲ್ಪ ಬೇಜಾರಾಗಬಹುದು. ಕಂಪನಿ ಹೊರಗಿನ ಸಂಸ್ಥೆಯ ಮೂಲಕ ದುಡ್ಡು ಖರ್ಚು ಮಾಡಬೇಕಾದರೆ ಆ ಸಂಸ್ಥೆಗೆ ಆದಾಯ ತೆರಿಗೆ ಕಾಯ್ದೆಯಡಿ ನೋಂದಣಿ (12ಎ, 80ಜಿ ಅಂತ ಕರೆಯೋದು) ಇರಬೇಕು, ಅದೇ ಥರದ ಕೆಲಸದಲ್ಲಿ ಕಡಿಮೆ ಅಂದರೂ ಮೂರು ವರ್ಷದ ಅನುಭವ ಇರಬೇಕು. 2021ರ ಏಪ್ರಿಲ್ 1ರಿಂದ ಸಿಎಸ್‌ಆರ್-1 ಫಾರ್ಮ್ ತುಂಬಿ ನೋಂದಣಿ ಸಂಖ್ಯೆ ಪಡೆಯೋದೂ ಕಡ್ಡಾಯ. ನಿಮ್ಮದು ಒಂದೂವರೆ ವರ್ಷ. ಹಾಗಾಗಿ ಈ ವರ್ಷ ನಿಮ್ಮ ಖಾತೆಗೆ ನೇರವಾಗಿ ಬರೋದಿಲ್ಲ. ಹಳೇ ತಾರೀಖು ಹಾಕಿ ವರದಿ ಮಾಡಿಕೊಡುತ್ತೇನೆ ಅನ್ನುವವರೂ ಸಿಗುತ್ತಾರೆ, ಅವರನ್ನೂ 35 ಸಾವಿರದವರ ಜೊತೆ ಸಾಗಹಾಕಿ.

ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ. ಕಂಪನಿ ತಾನೇ ನೇರವಾಗಿ ಖರ್ಚು ಮಾಡಲು ಕಾಯ್ದೆಯಲ್ಲಿ ಅವಕಾಶ ಇದೆ. ಬಿಪಿ ಯಂತ್ರ, ತೂಕದ ಯಂತ್ರ, ಒಂದು ಫ್ರಿಜ್ಜು ಬೇಕಾದರೆ ಕಂಪನಿಯೇ ಕೊಂಡು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡಬಹುದು. ನಿಮ್ಮ ಟ್ರಸ್ಟು ಊರಿನ ಕಡೆಯಿಂದ ಓಡಾಡುತ್ತೆ, ದುಡ್ಡು ಮುಟ್ಟೋದಿಲ್ಲ ಅಷ್ಟೆ. ಇಲ್ಲದಿದ್ದರೆ ಗದಗ ಅಥವಾ ಧಾರವಾಡದ ಹಳೇ ಸಂಸ್ಥೆಯೊಂದರ ಜೊತೆ ಸೇರಿ. ಅರ್ಜಿ ಅವರದ್ದು, ಊರಿನ ಕೆಲಸ ನಿಮ್ಮದು, ಆದರೆ ಯಾರಿಗೆ ಯಾವ ಕೆಲಸ, ಯಾವ ದುಡ್ಡು ಅಂತ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ. ಸ್ನೇಹದಲ್ಲಿ ಶುರುವಾಗಿ ಲೆಕ್ಕದಲ್ಲಿ ಮುರಿದುಬಿದ್ದ ಜೋಡಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಈ ಮಧ್ಯೆ ನಿಮ್ಮದೇ ಅನುಭವ ಬೆಳೆಸಿಕೊಳ್ಳಲು ಸುಲಭದ ಕೆಲಸ ಒಂದಿದೆ: ನಿಕ್ಷಯ ಮಿತ್ರ. 2022ರಲ್ಲಿ ಶುರುವಾದ ಯೋಜನೆ. ಕ್ಷಯದ ಚಿಕಿತ್ಸೆಯಲ್ಲಿರುವವರಿಗೆ ಕಡಿಮೆ ಅಂದರೂ ಆರು ತಿಂಗಳು ಬೇಳೆ, ಎಣ್ಣೆ, ಶೇಂಗಾ ಇಂಥ ಆಹಾರದ ಕಿಟ್ ಕೊಡುವ ಕೆಲಸ. ಯಾರು ಬೇಕಾದರೂ ಸೇರಬಹುದು, ಮೂರು ವರ್ಷದ ಪ್ರಶ್ನೆ ಇಲ್ಲ. ನಾಲ್ಕು ರೋಗಿಗಳನ್ನು ಆರು ತಿಂಗಳು ಬಿಡದೆ ನೋಡಿಕೊಂಡ ಲೆಕ್ಕ ನಿಮ್ಮ ಹತ್ತಿರ ಇದ್ದರೆ ಮುಂದೆ ಕಂಪನಿಯವರು ಅದನ್ನೇ ಮೊದಲು ನೋಡುತ್ತಾರೆ.

ಈಗ ನನಗೆ ಹೆಚ್ಚು ಹೇಳಬೇಕಾಗಿರುವುದು ಆ ನಾಲ್ಕು ಲಕ್ಷದ ಶಿಬಿರದ ಬಗ್ಗೆ.

ಸುಮಾರು ವರ್ಷಗಳ ಹಿಂದೆ ನವಲಗುಂದ ಕಡೆಯ ಒಂದು ಊರಲ್ಲಿ ನಾನೇ ನಿಂತು ಶಿಬಿರ ಮಾಡಿಸಿದೆ. ಒಂದು ಕಂಪನಿಯ ದುಡ್ಡು, ಹುಬ್ಬಳ್ಳಿಯ ಒಂದು ದವಾಖಾನೆಯ ಡಾಕ್ಟರು. ಶಾಲೆ ಮುಂದೆ ಶಾಮಿಯಾನ, ಫ್ಲೆಕ್ಸು, ಉಪ್ಪಿಟ್ಟು, ಶಿರಾ. 180ಕ್ಕೂ ಹೆಚ್ಚು ಜನ ಬಂದರು. ಫೋಟೋ ಎಷ್ಟು ಚೆನ್ನಾಗಿ ಬಂದವು ಅಂದರೆ ಕಂಪನಿಯವರು ವಾರ್ಷಿಕ ವರದಿಯಲ್ಲಿ ಹಾಕಿಕೊಂಡರು. ಎರಡು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಅದೇ ಊರಿಗೆ ಹೋದಾಗ ಒಬ್ಬ ಅಜ್ಜಿ ಬಾಗಿಲಲ್ಲಿ ಕೂತಿದ್ದರು. ನನ್ನ ಗುರುತು ಹಿಡಿದು ಒಳಗೆ ಹೋಗಿ ಒಂದು ಸಾಸಿವೆ ಡಬ್ಬಿ ತಂದರು. ಅದರೊಳಗೆ ಖಾಲಿ ಗುಳಿಗೆ ಚೀಟಿ ಮೂರು, ಒಂದರ ಮೇಲೊಂದು ಮಡಚಿ ರಬ್ಬರ್ ಹಾಕಿಟ್ಟಿದ್ದರು. "ಗುಳಿಗಿ ಮುಗದಾವ ನೋಡ್ರಿ ಯಪ್ಪಾ. ಮತ್ತ ಯಾವಾಗ ಬರ್ತೀರಿ?" ಅಂದರು. ಶಿಬಿರದಲ್ಲಿ ಅವರಿಗೆ ಬಿಪಿ ಇದೆ ಅಂತ ಹೇಳಿ ಒಂದು ತಿಂಗಳ ಗುಳಿಗೆ ಕೊಟ್ಟು ಕಳಿಸಿದ್ದೆವು. ಮುಗಿದ ಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ಅದೇ ಗುಳಿಗೆ ಮೂರು ಕಿಲೋಮೀಟರ್ ದೂರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತಿತ್ತು. ನಾವು ಆ ಕೇಂದ್ರದ ಡಾಕ್ಟರನ್ನು ಶಿಬಿರಕ್ಕೆ ಕರೆದಿದ್ದೆವು, ವೇದಿಕೆ ಮೇಲೆ ಶಾಲು ಹೊದಿಸಿದ್ದೆವು, ಆದರೆ ಬಿಪಿ ಇದ್ದವರ ಹೆಸರಿನ ಪಟ್ಟಿ ಅವರ ಕೈಗೆ ಕೊಟ್ಟಿರಲಿಲ್ಲ. ಆ ಪಟ್ಟಿ ನನ್ನ ಬ್ಯಾಗಿನಲ್ಲೇ ಇತ್ತು.

ಆಮೇಲೆ ನಾನು ಬರೀ ಶಿಬಿರಕ್ಕೆ ದುಡ್ಡು ಕೇಳಿಲ್ಲ. ಬಿಪಿ, ಶುಗರ್ ಒಂದು ದಿನದ ರೋಗ ಅಲ್ವಲ್ಲ. 30 ದಾಟಿದ ಎಲ್ಲರ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ನಿಮ್ಮ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ, ಊರಲ್ಲಿ ಆಶಾ ಅಕ್ಕ ಇದ್ದಾರೆ, ಗುಳಿಗೆ ಇದೆ. ಇಲ್ಲದಿರೋದು ಇವೆಲ್ಲದರ ನಡುವಿನ ಕೊಂಡಿ. ಶೇಂಗಾ ಕೀಳುವ ಕಾಲದಲ್ಲಿ ಬೆಳಿಗ್ಗೆ ಹತ್ತಕ್ಕೆ ದವಾಖಾನೆಗೆ ಹೋಗಲು ಯಾರಿಗೂ ಆಗೋದಿಲ್ಲ, ಒಂದು ತಿಂಗಳು ತಪ್ಪುತ್ತೆ, ತಲೆನೋವಿಲ್ಲ ಅಂತ ಎರಡನೇ ತಿಂಗಳೂ ತಪ್ಪುತ್ತೆ, ಮೂರನೇ ವರ್ಷ ಪಾರ್ಶ್ವವಾಯು ಆಗಿ ಹುಬ್ಬಳ್ಳಿಗೆ ಆಂಬುಲೆನ್ಸಿನಲ್ಲಿ ಹೋಗುತ್ತಾರೆ.

ನಿಮ್ಮ ನಾಲ್ಕು ಲಕ್ಷವನ್ನೇ ಹೀಗೆ ನೋಡಿ. ಊರಿನ ಇಬ್ಬರು ಹೆಣ್ಣುಮಕ್ಕಳಿಗೆ ಅರ್ಧ ದಿನದ ಕೆಲಸ, ತಿಂಗಳಿಗೆ 8 ಸಾವಿರದಂತೆ, ವರ್ಷಕ್ಕೆ 1 ಲಕ್ಷ 92 ಸಾವಿರ. ಆರು ಬಿಪಿ ಯಂತ್ರಕ್ಕೆ 15 ಸಾವಿರ. ಶುಗರ್ ನೋಡುವ ಯಂತ್ರ, ಅದರ ಟೆಸ್ಟ್ ಸ್ಟ್ರಿಪ್‌ಗಳಿಗೆ 40 ಸಾವಿರ. ಓಡಾಟಕ್ಕೆ 36 ಸಾವಿರ. ತರಬೇತಿ, ಕಾರ್ಡು, ರಿಜಿಸ್ಟರಿಗೆ 20 ಸಾವಿರ. ಒಟ್ಟು 3 ಲಕ್ಷ 3 ಸಾವಿರ. ಒಂದು ದಿನದ ಶಾಮಿಯಾನಕ್ಕಿಂತ ಕಡಿಮೆಯಲ್ಲಿ ಇಡೀ ವರ್ಷ. ಆ ಇಬ್ಬರು ಸಂಜೆ ಹೊತ್ತು ಕಟ್ಟೆ ಮೇಲೆ, ಸಂಘದ ಸಭೆಯಲ್ಲಿ ಬಿಪಿ ನೋಡಬೇಕು, ಜಾಸ್ತಿ ಇದ್ದವರ ಹೆಸರನ್ನು ಅದೇ ವಾರ ಉಪಕೇಂದ್ರಕ್ಕೆ ಮುಟ್ಟಿಸಬೇಕು, ಗುಳಿಗೆ ಬಿಟ್ಟವರ ಮನೆ ಬಾಗಿಲಿಗೆ ಹೋಗಬೇಕು. ಗುಳಿಗೆ ಬರೆಯೋದು ಡಾಕ್ಟರ ಕೆಲಸ, ಇವರು ಅದಕ್ಕೆ ಕೈ ಹಾಕಬಾರದು. ಶಿಬಿರ ಬೇಕೇ ಬೇಕು ಅಂದರೆ ವರ್ಷದ ಮೊದಲ ದಿನ ಒಂದು ಮಾಡಿ, ಸಣ್ಣದು, ಪಟ್ಟಿ ಮಾಡೋದಕ್ಕೆ.

ಇಲ್ಲಿ ಕಂಪನಿಯ ಹುಡುಗ ಒಂದು ಮಾತು ಹೇಳುತ್ತಾನೆ, ತಯಾರಾಗಿರಿ. "ಸರ್, ಸಂಬಳಕ್ಕೆ ಕೊಡಕ್ಕಾಗಲ್ಲ, ಆಡಳಿತ ವೆಚ್ಚ ಶೇ. 5 ದಾಟಬಾರದು." ಇದು ತಪ್ಪು ತಿಳಿವಳಿಕೆ. ಆ ಶೇ. 5ರ ಮಿತಿ ಇರೋದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಒಂದು ನಿರ್ದಿಷ್ಟ ಯೋಜನೆಯನ್ನು ರೂಪಿಸಲು, ನಡೆಸಲು, ಮೇಲ್ವಿಚಾರಣೆ ಮಾಡಲು ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರೋದಿಲ್ಲ ಅಂತ 2021ರಲ್ಲಿ ತಿದ್ದಿದ ನಿಯಮದಲ್ಲೇ ಬರೆದಿದೆ. ಮನೆ ಮನೆಗೆ ಹೋಗಿ ಬಿಪಿ ನೋಡುವ ಹೆಣ್ಣುಮಗಳ ಸಂಬಳವೇ ನಿಮ್ಮ ಯೋಜನೆ, ಅಲ್ವಾ? ಜಗಳ ಮಾಡದೆ ಆ ನಿಯಮದ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ಬಜೆಟ್ಟಿನಲ್ಲೂ "ಸಿಬ್ಬಂದಿ ವೆಚ್ಚ" ಅಂತ ಬರೆಯೋದಕ್ಕಿಂತ "ಮನೆ ಭೇಟಿ ಕಾರ್ಯಕರ್ತೆಯರ ಗೌರವಧನ" ಅಂತ ಬರೆಯಿರಿ. ಕಣ್ಣಿಗೆ ಕೆಲಸ ಕಾಣಬೇಕು.

ಮೊಣಕಾಲು ನೋವಿನ ಬಗ್ಗೆ ಒಂದು ಅನುಮಾನ ಇದೆ. ಹೊಲದ ಕೆಲಸ, ವಯಸ್ಸು ಕಾರಣ ಇರಬಹುದು. ಆದರೆ ನಿಮ್ಮ ಸೀಮೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಇರೋದು ಹೊಸ ಸುದ್ದಿಯಲ್ಲ. ಶಾಲೆಗೆ ಹೋಗಿ ಮಕ್ಕಳ ಹಲ್ಲು ನೋಡಿ. ಕಂದು ಗೆರೆ, ಕಲೆ ಸುಮಾರು ಮಕ್ಕಳಿಗೆ ಇದ್ದರೆ ನೀರನ್ನು ಮೊದಲು ಪರೀಕ್ಷೆ ಮಾಡಿಸಿ. ಪಂಚಾಯ್ತಿಯವರನ್ನು ಕೇಳಿದರೆ ಪರೀಕ್ಷೆಗೆ ಕಳಿಸುತ್ತಾರೆ. ಲೀಟರಿಗೆ 1 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತೆ, ಇದು ಭಾರತೀಯ ಮಾನಕ. ಕುದಿಸಿದರೆ ಫ್ಲೋರೈಡ್ ಹೋಗೋದಿಲ್ಲ. ವರ್ಷಗಟ್ಟಲೆ ಅದೇ ನೀರು ಕುಡಿದರೆ ಕೀಲು ಬಿಗಿಯುತ್ತೆ, ಬೆನ್ನು ಬಾಗುತ್ತೆ. ನೀರೇ ಕಾರಣ ಆಗಿದ್ದರೆ ಮೂಳೆ ಡಾಕ್ಟರ ಶಿಬಿರ ಎಷ್ಟು ಮಾಡಿದರೂ ಅಷ್ಟೇ.

ಆಗ ಕಂಪನಿಗೆ ಶುದ್ಧ ನೀರಿನ ಘಟಕ ಕೇಳೋಣ ಅನ್ನಿಸುತ್ತೆ. ಕೇಳಿ. ಕಂಪನಿಗಳಿಗೂ ಅದು ಇಷ್ಟ, ಕಟ್ಟಡ ಇರುತ್ತೆ, ಬಣ್ಣ ಇರುತ್ತೆ, ಬೋರ್ಡ್ ಇರುತ್ತೆ. ಆದರೆ ನಮ್ಮ ಕಡೆ ಬೀಗ ಹಾಕಿದ ನೀರಿನ ಘಟಕ ನೋಡದವರು ಯಾರಿದ್ದಾರೆ? ನಾಣ್ಯ ಹಾಕುವ ಬಾಯಿಗೆ ಜೇಡ ಬಲೆ ಕಟ್ಟಿರುತ್ತೆ, ಒಳಗೆ ಯಾರದೋ ಸೈಕಲ್ಲು. ಯಂತ್ರ ಕೆಟ್ಟಿದ್ದಲ್ಲ, ಒಳಗಿನ ನೀರು ಸೋಸುವ ಪೊರೆ ಬದಲಿಸಲು ದುಡ್ಡಿಲ್ಲ, ಬದಲಿಸಬೇಕಾದವರು ಯಾರು ಅಂತ ಗೊತ್ತಿಲ್ಲ. ಹಾಗಾಗಿ ಘಟಕ ಕೇಳುವ ದಿನವೇ ಮೂರು ವರ್ಷದ ನಿರ್ವಹಣೆ, ಆಪರೇಟರ್ ಸಂಬಳ, ಆರು ತಿಂಗಳಿಗೊಮ್ಮೆ ನೀರಿನ ಪರೀಕ್ಷೆ ಸೇರಿಸಿ ಕೇಳಿ. ಯಂತ್ರ ಹೊರಹಾಕುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ ಇರುತ್ತೆ, ಅದು ಎಲ್ಲಿಗೆ ಹೋಗಬೇಕು ಅನ್ನೋದನ್ನೂ ಬರೆಯಿರಿ. ಕಾಯ್ದೆಯಲ್ಲೂ ಇದಕ್ಕೆ ಜಾಗ ಇದೆ. ಒಂದು ಕೆಲಸವನ್ನು "ಮುಂದುವರಿಯುವ ಯೋಜನೆ" ಅಂತ ಒಪ್ಪಿದರೆ ಶುರುವಾದ ವರ್ಷ ಬಿಟ್ಟು ಮುಂದಿನ ಮೂರು ವರ್ಷದವರೆಗೆ ನಡೆಸಬಹುದು, ಆ ವರ್ಷ ಉಳಿದ ದುಡ್ಡನ್ನು ಕಂಪನಿ ಬೇರೆ ಖಾತೆಯಲ್ಲಿ ಇಡಬೇಕು. ಬಿಪಿ ಕೆಲಸಕ್ಕೂ ಇದೇ ದಾರಿ. ಮೊದಲ ಪತ್ರದಲ್ಲೇ ಮೂರು ವರ್ಷ ಅಂತ ಬರೆಯಿರಿ. ಕಡಿಮೆ ಮಾಡೋದು ಅವರಿಗೆ ಬಿಡಿ.

ಮನಸ್ಸಿನ ಆರೋಗ್ಯದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆ ಮನೆಗೆ ಹೋಗುವ ಆ ಹೆಣ್ಣುಮಕ್ಕಳಿಗೆ ಬಿಪಿಗಿಂತ ಜಾಸ್ತಿ ಕೇಳಿಬರೋದು ಸಾಲ, ಕುಡಿತ, ನಿದ್ದೆ ಇಲ್ಲ ಅನ್ನೋ ಮಾತು. ತರಬೇತಿಯ ಅರ್ಧ ದಿನ ಅದಕ್ಕೆ ಇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರಿಗೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆಯಾಗಿ ಕನ್ನಡದಲ್ಲೇ ಮಾತಾಡಬಹುದು, ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಈ ನಂಬರನ್ನು ಬಿಪಿ ಕಾರ್ಡಿನ ಹಿಂಬದಿಗೆ ಅಚ್ಚು ಹಾಕಿಸಿ, ಹೆಚ್ಚಿನ ಖರ್ಚಿಲ್ಲ.

ಇನ್ನು ಕೇಳುವ ಕಾಲ. ಕಂಪನಿಗಳ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತೆ. ಫೆಬ್ರವರಿಯಲ್ಲಿ ಹೋದರೆ ಉಳಿದ ದುಡ್ಡು ಬೇಗ ಸಿಗಬಹುದು, ಆದರೆ ಅದು ಒಂದು ತಿಂಗಳಲ್ಲಿ ಖರ್ಚು ಮಾಡಬೇಕಾದ ದುಡ್ಡು, ಮತ್ತೆ ಶಾಮಿಯಾನಕ್ಕೇ ಹೋಗುತ್ತೆ. ದೀಪಾವಳಿ ಆದ ಮೇಲೆ ಮಾತು ಶುರು ಮಾಡಿ, ಏಪ್ರಿಲ್‌ನ ವಾರ್ಷಿಕ ಯೋಜನೆಯಲ್ಲಿ ನಿಮ್ಮ ಊರಿನ ಹೆಸರು ಸೇರಬೇಕು. ಪತ್ರ ಎರಡೇ ಪುಟ ಸಾಕು. ಅದರಲ್ಲಿ ದೇಶದ ಆರೋಗ್ಯದ ಬಗ್ಗೆ ಪೀಠಿಕೆ ಬೇಡ. ಊರಲ್ಲಿ 30 ದಾಟಿದವರು ಎಷ್ಟು, ಅವರಲ್ಲಿ ಬಿಪಿ ನೋಡಿಸಿಕೊಂಡವರು ಎಷ್ಟು, ಕಳೆದ ತಿಂಗಳು ಗುಳಿಗೆ ಒಯ್ದವರು ಎಷ್ಟು, ಈ ಮೂರು ಸಂಖ್ಯೆ ಬರೆಯಿರಿ. ಉಪಕೇಂದ್ರದ ರಿಜಿಸ್ಟರಿನಲ್ಲಿ, ಆಶಾ ಅಕ್ಕನ ಡೈರಿಯಲ್ಲಿ ಇವು ಸಿಗುತ್ತವೆ. ಸಂಖ್ಯೆ ಮಾತ್ರ, ಯಾರ ಹೆಸರೂ ಬೇಡ, ರೋಗಿಗಳ ಪಟ್ಟಿ ಕಂಪನಿಗೆ ಹೋಗಬಾರದು. ಮೂರನೇ ಸಂಖ್ಯೆ ವರ್ಷದ ಕೊನೆಗೆ ಎಷ್ಟಾಗಬೇಕು ಅನ್ನೋದು ನಿಮ್ಮ ಗುರಿ. ಜೊತೆಗೆ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಒಪ್ಪಿಗೆ ಪತ್ರ, ಪಂಚಾಯ್ತಿ ಠರಾವು.

ಪತ್ರ ಕಳಿಸಿದ ಮೇಲೆ ಹತ್ತು ದಿನ ಬಿಟ್ಟು ಫೋನ್ ಮಾಡಿ. ಮತ್ತೆ ಹದಿನೈದು ದಿನ ಬಿಟ್ಟು ಮಾಡಿ. ಕಂಪನಿಯಿಂದ "ಬೇಡ" ಅಂತ ಬಂದರೂ ಆ ಮ್ಯಾನೇಜರ್ ನಂಬರ್ ಅಳಿಸಬೇಡಿ. ಈ ಕೆಲಸದಲ್ಲಿರುವವರು ಎರಡು ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುತ್ತಾರೆ. ನನ್ನ ಮೊದಲ ಪತ್ರಕ್ಕೆ ಉತ್ತರ ಬಂದಿದ್ದು ಏಳು ತಿಂಗಳ ಮೇಲೆ, ಅದೂ ಬೇರೆ ಕಂಪನಿಯಿಂದ. ಬೇಡ ಅಂದಿದ್ದ ಹುಡುಗನೇ ಅಲ್ಲಿಗೆ ಹೋಗಿ ಫೋನ್ ಮಾಡಿದ್ದ: "ಸರ್, ಆ ಎರಡು ಪುಟ ಇನ್ನೂ ಇದೆಯಾ?"